ಒಟ್ಟಾಗಿ ದುಡಿದದ್ದರ ಮೌಲ್ಯ ಯಾರ ಲೆಕ್ಕಕ್ಕೆ ಸೇರುತ್ತದೆ?

2025ರ ನವೆಂಬರ್ 21ರಂದು ದೇಶದಲ್ಲಿ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅವುಗಳಲ್ಲೊಂದಾದ ಸಾಮಾಜಿಕ ಭದ್ರತಾ ಸಂಹಿತೆ, ಆ್ಯಪ್ ಮೂಲಕ ಊಟ ತಲುಪಿಸುವವರನ್ನು, ಟ್ಯಾಕ್ಸಿ ಓಡಿಸುವವರನ್ನು ‘ಪ್ಲಾಟ್‌ಫಾರ್ಮ್ ಕಾರ್ಮಿಕರು’ ಎಂದು ಗುರುತಿಸುತ್ತದೆ. ಇವರು ಕಂಪನಿಯ ನೌಕರರಲ್ಲ. ಆದರೂ ಇವರ ಭದ್ರತೆಗೆಂದು ಇರುವ ನಿಧಿಗೆ ಕಂಪನಿಗಳು ತಮ್ಮ ವಾರ್ಷಿಕ ವಹಿವಾಟಿನ ಶೇ 1ರಿಂದ 2ರಷ್ಟು ಹಣ ಕೊಡಬೇಕು ಎನ್ನುತ್ತದೆ ಸಂಹಿತೆ.

ಮುಂಬೈ ಕನ್ನಡಿಗರಿಗೆ ಇದು ಎಲ್ಲಿಯದೋ ಸುದ್ದಿಯಲ್ಲ. ಹೋಟೆಲ್ ನಡೆಸುವವರಲ್ಲಿ, ಒಲೆಯ ಮುಂದೆ ನಿಲ್ಲುವ ಭಟ್ಟರಲ್ಲಿ, ಬೈಕಿನಲ್ಲಿ ಪಾರ್ಸೆಲ್ ಒಯ್ಯುವ ಹುಡುಗರಲ್ಲಿ, ಡೊಂಬಿವಲಿಯ ಮನೆಯಲ್ಲಿ ಕುಳಿತು ಮಸಾಲೆ ದೋಸೆ ತರಿಸಿಕೊಳ್ಳುವವರಲ್ಲಿ, ಅದೇ ಆ್ಯಪ್ ಕಂಪನಿಯ ಷೇರು ಕೊಂಡವರಲ್ಲಿ, ಹೀಗೆ ಈ ವ್ಯವಹಾರದ ಎಲ್ಲ ಬದಿಗಳಲ್ಲೂ ನಮ್ಮವರಿದ್ದಾರೆ. ಹಾಗಾಗಿಯೇ ಪ್ರಶ್ನೆಗಳೂ ಎರಡೂ ಕಡೆಯಿಂದ ಬರುತ್ತವೆ. ನೌಕರರೇ ಅಲ್ಲದವರಿಗೆ ಕಂಪನಿ ಯಾಕೆ ಕೊಡಬೇಕು? ಕೊಡಬೇಕೆಂದಾದರೆ ಇಷ್ಟೇ ಯಾಕೆ?

ಎರಡೂ ಪ್ರಶ್ನೆಗಳ ಬೇರು ಒಂದೇ. ಅನೇಕರು ಸೇರಿ ಮಾಡಿದ ಕೆಲಸದಿಂದ ಒಂದು ಮೌಲ್ಯ ಹುಟ್ಟಿದಾಗ ಅದು ಯಾರಿಗೆ ಸೇರಬೇಕು ಎಂಬ ಚರ್ಚೆ ಅದು. ಬಂಡವಾಳಶಾಹಿಯನ್ನು ಟೀಕಿಸುವವರು ನೂರೈವತ್ತು ವರ್ಷಗಳಿಂದ ಇದನ್ನೇ ಕೇಳುತ್ತ ಬಂದಿದ್ದಾರೆ. ಅವರ ವಾದವನ್ನು ಒಪ್ಪುವುದು ಬಿಡುವುದು ಓದುಗರಿಗೆ ಸೇರಿದ್ದು. ಆದರೆ ಆ ವಾದ ಏನು, ಅದಕ್ಕೆ ಬಂದ ಉತ್ತರಗಳೇನು ಎಂದು ತಿಳಿಯದೆ ಈ ಕಾನೂನಿನ ಬಗ್ಗೆ ಮಾತಾಡುವುದು ಕಷ್ಟ.

ಬಳಕೆಯ ಮೌಲ್ಯ, ವಿನಿಮಯದ ಮೌಲ್ಯ

ನೀರಿಲ್ಲದೆ ಬದುಕಿಲ್ಲ, ಆದರೂ ಅದು ಅಗ್ಗ. ವಜ್ರವಿಲ್ಲದೆ ಯಾರಿಗೂ ಏನೂ ಆಗದು, ಆದರೂ ಅದು ದುಬಾರಿ. 1776ರಲ್ಲಿ ಆ್ಯಡಂ ಸ್ಮಿತ್ ಈ ಒಗಟನ್ನು ಮುಂದಿಟ್ಟು ಎರಡು ಸಂಗತಿಗಳನ್ನು ಬೇರ್ಪಡಿಸಿದರು. ಒಂದು ವಸ್ತು ನಮಗೆ ಎಷ್ಟು ಉಪಯೋಗಕ್ಕೆ ಬರುತ್ತದೆ ಎಂಬುದು ಅದರ ಬಳಕೆಯ ಮೌಲ್ಯ. ಅದನ್ನು ಕೊಟ್ಟರೆ ಬದಲಿಗೆ ಎಷ್ಟು ಸಿಗುತ್ತದೆ ಎಂಬುದು ವಿನಿಮಯದ ಮೌಲ್ಯ. ಮನೆಯಲ್ಲಿ ಅಮ್ಮ ಮಾಡಿದ ಇಡ್ಲಿಗೆ ಬಳಕೆಯ ಮೌಲ್ಯವಿದೆ, ಅದನ್ನು ಯಾರೂ ಮಾರುವುದಿಲ್ಲ. ಮಾಟುಂಗದ ಹೋಟೆಲಿನ ಇಡ್ಲಿಗೆ ಎರಡೂ ಇವೆ.

ವಿನಿಮಯದ ಮೌಲ್ಯ ಎಲ್ಲಿಂದ ಬರುತ್ತದೆ? ಸ್ಮಿತ್ ಮತ್ತು ಅವರ ನಂತರ ಡೇವಿಡ್ ರಿಕಾರ್ಡೊ, ವಸ್ತುವಿನ ಹಿಂದಿರುವ ದುಡಿಮೆಯ ಕಡೆಗೆ ಬೆರಳು ತೋರಿಸಿದರು. ಕಾರ್ಲ್ ಮಾರ್ಕ್ಸ್ 1867ರಲ್ಲಿ ಅದನ್ನು ಇನ್ನೂ ಬಿಗಿ ಮಾಡಿದರು. ಮೌಲ್ಯವನ್ನು ನಿರ್ಧರಿಸುವುದು ಒಬ್ಬ ವ್ಯಕ್ತಿ ನಿಜವಾಗಿ ತೆಗೆದುಕೊಂಡ ಸಮಯವಲ್ಲ, ಆ ಕಾಲದ ಸಲಕರಣೆ ಮತ್ತು ಸಾಧಾರಣ ಕೌಶಲದಿಂದ ಆ ವಸ್ತುವನ್ನು ಮಾಡಲು ಸಮಾಜದಲ್ಲಿ ಸರಾಸರಿ ಎಷ್ಟು ಸಮಯ ಬೇಕೋ ಅದು ಎಂದರು. ಎಲ್ಲರೂ ಗ್ರೈಂಡರಿನಲ್ಲಿ ಹಿಟ್ಟು ರುಬ್ಬುವ ಕಾಲದಲ್ಲಿ ಒಬ್ಬರು ಒರಳುಕಲ್ಲಿನಲ್ಲಿ ರುಬ್ಬಿದರೆ, ಹೆಚ್ಚು ಹೊತ್ತು ದುಡಿದರೆಂಬ ಒಂದೇ ಕಾರಣಕ್ಕೆ ಅವರ ಇಡ್ಲಿಗೆ ಹೆಚ್ಚು ಮೌಲ್ಯ ಬರುವುದಿಲ್ಲ. ಅಂದರೆ ಮಾರ್ಕ್ಸ್ ಪ್ರಕಾರ ಮೌಲ್ಯವನ್ನು ಅಳೆಯುವ ಕೋಲೇ ಇಡೀ ಸಮಾಜದ ದುಡಿಮೆ. ಒಬ್ಬರ ಕೈಯಲ್ಲಿ ಅದನ್ನು ಹುಡುಕಿದರೆ ಸಿಗುವುದಿಲ್ಲ.

ಹತ್ತು ಜನ ಸೇರಿದರೆ ಹತ್ತು ಪಟ್ಟಲ್ಲ

ಗುಂಡುಸೂಜಿ ಮಾಡುವ ಸಣ್ಣ ಕಾರ್ಖಾನೆಯೊಂದರ ಲೆಕ್ಕವನ್ನು ಸ್ಮಿತ್ ಕೊಟ್ಟಿದ್ದಾರೆ. ತಂತಿ ಎಳೆಯುವುದು, ನೇರ ಮಾಡುವುದು, ಕತ್ತರಿಸುವುದು, ತುದಿ ಚೂಪು ಮಾಡುವುದು, ತಲೆ ಕೂರಿಸುವುದು, ಹೀಗೆ ಕೆಲಸ ಹಂಚಿಕೊಂಡ ಹತ್ತು ಜನ ದಿನಕ್ಕೆ 48,000 ಸೂಜಿ ಮಾಡುತ್ತಿದ್ದರು. ಪಳಗದ ಒಬ್ಬನೇ ಎಲ್ಲವನ್ನೂ ಮಾಡಹೊರಟರೆ ದಿನಕ್ಕೆ 20 ಸೂಜಿಯೂ ಆಗುತ್ತಿರಲಿಲ್ಲ.

ಸ್ಮಿತ್ ಇದನ್ನು ಶ್ರಮ ವಿಭಜನೆಯ ಲಾಭವೆಂದು ಮೆಚ್ಚಿದರು. ಮಾರ್ಕ್ಸ್ ಅದೇ ದೃಶ್ಯವನ್ನು ನೋಡಿ ಬೇರೊಂದು ಪ್ರಶ್ನೆ ಎತ್ತಿದರು. ಒಬ್ಬೊಬ್ಬರೇ ದುಡಿದಿದ್ದರೆ ಸಿಗುತ್ತಿದ್ದುದಕ್ಕೂ ಒಟ್ಟಾಗಿ ದುಡಿದಾಗ ಸಿಕ್ಕಿದ್ದಕ್ಕೂ ನಡುವಿನ ಅಂತರ ಯಾರ ಪಾಲಿಗೆ ಹೋಗಬೇಕು?

ನಮ್ಮ ಊರಿನ ತೇರನ್ನು ನೆನೆಯಿರಿ. ಒಬ್ಬನೇ ಹಗ್ಗ ಹಿಡಿದು ಇಡೀ ದಿನ ಎಳೆದರೂ ಬ್ರಹ್ಮರಥ ಒಂದಂಗುಲ ಕದಲದು. ನೂರಾರು ಜನ ಒಂದೇ ಕೂಗಿಗೆ ಎಳೆದಾಗ ಉರುಳುತ್ತದೆ. ಆ ಚಲನೆಯನ್ನು ನೂರು ತುಂಡು ಮಾಡಿ ‘ಇದು ನಿನ್ನದು, ಅದು ಅವನದು’ ಎಂದು ಹಂಚಲು ಬರುವುದಿಲ್ಲ, ಏಕೆಂದರೆ ಬಿಡಿಬಿಡಿಯಾಗಿ ನೋಡಿದರೆ ಪ್ರತಿಯೊಬ್ಬರ ಎಳೆತದ ಫಲ ಸೊನ್ನೆ. ಒಟ್ಟಾದ ಕ್ಷಣದಲ್ಲೇ ಹುಟ್ಟಿದ ಬಲ ಅದು. ಈಗ ಎಳೆಯುವ ಪ್ರತಿಯೊಬ್ಬರಿಗೂ ಒಂದು ದಿನದ ಕೂಲಿ ಕೊಟ್ಟು ಯಾರೋ ಒಬ್ಬರು ಕರೆಸಿದ್ದಾರೆ ಎಂದುಕೊಳ್ಳಿ. ಅವರು ಕೊಟ್ಟದ್ದು ನೂರು ಬಿಡಿ ಕೂಲಿ. ಪಡೆದದ್ದು ನೂರು ಜನ ಕೂಡಿದ ಬಲ.

ಮಾರ್ಕ್ಸ್ ಹೇಳಿದ್ದು ಇದನ್ನೇ. ಮಾಲೀಕ ನೂರು ಜನರ ಶ್ರಮಶಕ್ತಿಗೆ, ಅಂದರೆ ದುಡಿಯುವ ಸಾಮರ್ಥ್ಯಕ್ಕೆ, ಒಂದೊಂದಾಗಿ ಬೆಲೆ ಕೊಡುತ್ತಾನೆ, ಅವರು ಕೂಡಿದಾಗ ಹುಟ್ಟುವ ಬಲಕ್ಕೆ ಕೊಡುವುದಿಲ್ಲ. ಅದು ಬಂಡವಾಳಕ್ಕೆ ಉಚಿತವಾಗಿ ಸಿಗುತ್ತದೆ. ಕಾರ್ಮಿಕರು ಕಾರ್ಖಾನೆಯೊಳಗೆ ಕಾಲಿಟ್ಟ ಮೇಲಷ್ಟೇ ಈ ಕೂಡುವಿಕೆ ಆರಂಭವಾಗುವುದರಿಂದ ಅದು ಬಂಡವಾಳದ್ದೇ ಗುಣವೇನೋ ಎಂಬಂತೆ ಕಾಣುತ್ತದೆ. ನನ್ನ ಅಭಿಪ್ರಾಯದಲ್ಲಿ ಬಂಡವಾಳಶಾಹಿಯ ಮೇಲಿನ ಟೀಕೆಯ ಅತ್ಯಂತ ಗಟ್ಟಿಯಾದ ಭಾಗ ಇದು. ದುಡಿಮೆಯ ಗಂಟೆಗಳ ಲೆಕ್ಕವನ್ನು ಒಪ್ಪದವರೂ ಈ ಪ್ರಶ್ನೆಯನ್ನು ಎದುರಿಸಲೇಬೇಕಾಗುತ್ತದೆ.

ಉಡುಪಿ ಹೋಟೆಲಿನ ಒಳಗೆ ಬೆಳಗಿನ ಎಂಟು ಗಂಟೆಗೆ ನಿಂತರೆ ಇದು ಕಣ್ಣಿಗೇ ಕಾಣುತ್ತದೆ. ರಾತ್ರಿ ರುಬ್ಬಿಟ್ಟ ಹಿಟ್ಟು ಹುಳಿ ಬಂದಿರಬೇಕು. ಕಾವಲಿಯ ಮುಂದಿನವನು ದೋಸೆ ಹೊಯ್ಯುವ ಹೊತ್ತಿಗೆ ಪಲ್ಯ ಸಿದ್ಧವಿರಬೇಕು. ಸಪ್ಲಾಯರ್ ಐದಾರು ಮೇಜಿನ ಆರ್ಡರನ್ನು ತಲೆಯಲ್ಲೇ ಇಟ್ಟುಕೊಂಡಿರಬೇಕು, ಕ್ಲೀನರ್ ಹುಡುಗ ಮೇಜು ಒರೆಸಿದ ಮರುಕ್ಷಣ ಮುಂದಿನ ಗಿರಾಕಿ ಕೂರಬೇಕು. ಒಂದು ಮೇಜು ಎಷ್ಟು ಬೇಗ ಖಾಲಿಯಾಗಿ ಮತ್ತೆ ತುಂಬುತ್ತದೆ ಎಂಬುದರ ಮೇಲೆಯೇ ಈ ಹೋಟೆಲುಗಳ ಲಾಭ ನಿಂತಿದೆ. ಆ ವೇಗ ಭಟ್ಟರೊಬ್ಬರದೂ ಅಲ್ಲ, ಸಪ್ಲಾಯರ್ ಒಬ್ಬನದೂ ಅಲ್ಲ.

ಹೆಚ್ಚುವರಿ ಮೌಲ್ಯದ ಲೆಕ್ಕ

ಮಾರ್ಕ್ಸ್‌ವಾದಿಗಳ ಬಾಯಲ್ಲಿ ಸದಾ ಬರುವ ‘ಹೆಚ್ಚುವರಿ ಮೌಲ್ಯ’ವನ್ನು ಒಂದು ಕಾಲ್ಪನಿಕ ಹೋಟೆಲಿನ ಲೆಕ್ಕದಿಂದ ನೋಡೋಣ. ಇಪ್ಪತ್ತು ಜನ ದುಡಿಯುತ್ತಾರೆ. ದಿನದ ಕೊನೆಗೆ ಗಲ್ಲಾದಲ್ಲಿ 60,000 ರೂಪಾಯಿ ಇದೆ. ಅಕ್ಕಿ, ಉದ್ದು, ಎಣ್ಣೆ, ಗ್ಯಾಸ್, ಕರೆಂಟು, ಯಂತ್ರಗಳ ಸವಕಳಿ ಸೇರಿ 36,000. ಇವು ಬೇರೆಲ್ಲೋ ಹುಟ್ಟಿದ ಮೌಲ್ಯಗಳು, ಇಲ್ಲಿ ತಿಂಡಿಯ ಬೆಲೆಯೊಳಗೆ ಬಂದು ಕೂತಿವೆ. ಉಳಿದ 24,000 ಆ ದಿನದ ದುಡಿಮೆಯಿಂದ ಹೊಸದಾಗಿ ಸೇರಿದ್ದು. ಊಟ, ವಸತಿ ಎಲ್ಲ ಸೇರಿ ಸಂಬಳಕ್ಕೆ 14,000 ಹೋಗುತ್ತದೆ. ಮಿಕ್ಕ 10,000 ಹೆಚ್ಚುವರಿ ಮೌಲ್ಯ. ಹನ್ನೆರಡು ಗಂಟೆ ದುಡಿಸುವ ಹೋಟೆಲ್ ಅದಾದರೆ, ಕೆಲಸಗಾರರು ಮೊದಲ ಏಳು ಗಂಟೆ ತಮ್ಮ ಸಂಬಳವನ್ನು ತಾವೇ ಹುಟ್ಟಿಸಿಕೊಳ್ಳುತ್ತಾರೆ, ಉಳಿದ ಐದು ಗಂಟೆ ಬೇರೆಯವರಿಗಾಗಿ ದುಡಿಯುತ್ತಾರೆ.

ಇಲ್ಲಿ ಎರಡು ಮಾತು ತಪ್ಪದೆ ಹೇಳಬೇಕು. ಇದು ಮೋಸ ಎಂದು ಮಾರ್ಕ್ಸ್ ಹೇಳಲಿಲ್ಲ. ಕೆಲಸಗಾರನ ಶ್ರಮಶಕ್ತಿಗೆ ಮಾರುಕಟ್ಟೆಯ ಸರಿಯಾದ ಬೆಲೆಯನ್ನೇ ಕೊಡಲಾಗಿದೆ, ತೂಕದಲ್ಲಿ ಕಡಿಮೆ ಮಾಡಿಲ್ಲ. ಹಾಗಿದ್ದೂ ಅಂತರ ಉಳಿಯುತ್ತದೆ ಎಂಬುದೇ ಅವರ ವಾದದ ತಿರುಳು. ಎರಡನೆಯದು, ಆ 10,000 ಇಡಿಯಾಗಿ ಹೋಟೆಲ್ ಮಾಲಕರ ಜೇಬಿಗೆ ಹೋಗುವುದಿಲ್ಲ. ಕಟ್ಟಡದ ಬಾಡಿಗೆ, ಸಾಲದ ಬಡ್ಡಿ, ಮಾಲಕರ ಲಾಭ ಮೂರೂ ಅದರಿಂದಲೇ ಹಂಚಿಕೆಯಾಗಬೇಕು. ಬೆಳಗ್ಗೆ ಐದಕ್ಕೆ ಎದ್ದು ದಾದರ್ ಮಾರ್ಕೆಟ್ಟಿನಿಂದ ತರಕಾರಿ ತರುವ, ಗಲ್ಲಾದಲ್ಲಿ ಕೂತು ಇಡೀ ಹೋಟೆಲಿನ ಮೇಲೆ ಕಣ್ಣಿಡುವ ಮಾಲಕರ ಕೆಲಸವೂ ದುಡಿಮೆಯೇ. ಅನೇಕರನ್ನು ಹೊಂದಿಸಿ ನಡೆಸುವುದು ಅಗತ್ಯವಾದ ಶ್ರಮ ಎಂದು ಮಾರ್ಕ್ಸ್ ಕೂಡ ಒಪ್ಪಿದ್ದಾರೆ. ಆ ದುಡಿಮೆಗೆ ಸಿಗುವ ಪಾಲು ಬೇರೆ, ಕೇವಲ ಒಡೆತನಕ್ಕೆ ಸಿಗುವ ಪಾಲು ಬೇರೆ.

ಒಂದೇ ಹಗ್ಗ, ಬೇರೆ ಬೇರೆ ಜಾಗ

ಸಹಕಾರ ಎಂದ ಕೂಡಲೇ ಎಲ್ಲರೂ ಸಮಾನವಾಗಿ, ಮನಸಾರೆ ಕೈಜೋಡಿಸಿದ್ದಾರೆ ಎಂದು ನಾವು ಭಾವಿಸಿಬಿಡುತ್ತೇವೆ. ಮುಂಬೈಯ ಗಿರಣಿಗಳ ಚರಿತ್ರೆ ಹಾಗಿಲ್ಲ. ಇಲ್ಲಿನ ಬಟ್ಟೆ ಗಿರಣಿಗಳಲ್ಲಿ ಹೆಚ್ಚು ಸಂಬಳ ಸಿಗುತ್ತಿದ್ದುದು ನೇಯ್ಗೆಯ ವಿಭಾಗದಲ್ಲಿ. ದಲಿತ ಕಾರ್ಮಿಕರಿಗೆ ಆ ವಿಭಾಗಕ್ಕೆ ಪ್ರವೇಶವಿರಲಿಲ್ಲ. ಲಾಳಿಗೆ ನೂಲನ್ನು ಬಾಯಿಂದ ಹೀರಿ ಪೋಣಿಸಬೇಕಾಗಿದ್ದುದರಿಂದ, ಅವರ ಬಾಯಿ ಸೋಕಿದ್ದನ್ನು ತಾವು ಮುಟ್ಟುವುದಿಲ್ಲ ಎಂದು ಜೊತೆಯ ಕಾರ್ಮಿಕರೇ ತಡೆಯುತ್ತಿದ್ದರು. 1928ರ ಗಿರಣಿ ಮುಷ್ಕರದ ಸಮಯದಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಇದನ್ನು ಕಾರ್ಮಿಕ ನಾಯಕರ ಮುಂದಿಟ್ಟು ಉತ್ತರ ಕೇಳಿದರು.

1936ರಲ್ಲಿ ಅವರು ಬರೆದ ಮಾತು ಆ ಅನುಭವದ ಮೇಲೇ ನಿಂತಿದೆ. ಜಾತಿ ಎಂದರೆ ಶ್ರಮದ ವಿಭಜನೆಯಷ್ಟೇ ಅಲ್ಲ, ಶ್ರಮಿಕರದ್ದೇ ವಿಭಜನೆ ಎಂದರು ಅಂಬೇಡ್ಕರ್. ಸ್ಮಿತ್ ಮೆಚ್ಚಿದ ಸೂಜಿ ಕಾರ್ಖಾನೆಯಲ್ಲಿ ಯಾರು ಯಾವ ಕೆಲಸಕ್ಕೆ ನಿಲ್ಲಬೇಕೆಂದು ಹುಟ್ಟು ತೀರ್ಮಾನಿಸಿರಲಿಲ್ಲ. ನಮ್ಮಲ್ಲಿ ಅದೇ ತೀರ್ಮಾನಿಸಿತ್ತು. ಹೋಟೆಲುಗಳಲ್ಲೂ ಒಲೆಯ ಮುಂದೆ ಯಾರು, ಎಂಜಲು ತಟ್ಟೆಯ ಮುಂದೆ ಯಾರು ಎಂಬುದನ್ನು ಬಹುಕಾಲ ಜಾತಿಯೇ ನಿರ್ಧರಿಸಿತು. ಆದ್ದರಿಂದ ಕೂಡಿ ದುಡಿದದ್ದರ ಫಲ ಮಾಲೀಕ ಮತ್ತು ಕಾರ್ಮಿಕರ ನಡುವೆ ಹೇಗೆ ಹಂಚಿಹೋಗುತ್ತದೆ ಎಂದು ಕೇಳುವವರು, ಕಾರ್ಮಿಕರ ನಡುವೆಯೇ ಹೇಗೆ ಹಂಚಿಹೋಗುತ್ತದೆ ಎಂದೂ ಕೇಳಬೇಕು. ಯುರೋಪಿನಲ್ಲಿ ಬರೆದ ಸಿದ್ಧಾಂತಗಳನ್ನು ಹಾಗೆಯೇ ಎತ್ತಿ ಇಲ್ಲಿ ಇಟ್ಟರೆ ಈ ಭಾಗ ಬಿಟ್ಟುಹೋಗುತ್ತದೆ.

ಸಂಬಳವಿಲ್ಲದ ದುಡಿಮೆ

ಮೇಲಿನ ಲೆಕ್ಕದಲ್ಲಿ ‘ಸಂಬಳ 14,000’ ಎಂದು ಒಂದೇ ಸಾಲಿನಲ್ಲಿ ಮುಗಿಸಿದೆವು. ಸಂಬಳ ಪಡೆದವನು ಮರುದಿನ ಬೆಳಗ್ಗೆ ಮತ್ತೆ ದುಡಿಯಲು ಸಿದ್ಧನಾಗಿ ಬರಬೇಕಾದರೆ ಯಾರೋ ಅವನಿಗೆ ಅಡುಗೆ ಮಾಡಿರಬೇಕು, ಬಟ್ಟೆ ಒಗೆದಿರಬೇಕು, ಕಾಯಿಲೆಯಾದಾಗ ನೋಡಿಕೊಂಡಿರಬೇಕು. ಅದಕ್ಕೂ ಮೊದಲು ಅವನನ್ನು ಹೆತ್ತು ಸಾಕಿರಬೇಕು. 1972ರಲ್ಲಿ ಇಟಲಿಯ ಮರಿಯಾರೋಸಾ ದಲ್ಲಾ ಕೋಸ್ತಾ, ಸೆಲ್ಮಾ ಜೇಮ್ಸ್, ಸಿಲ್ವಿಯಾ ಫೆದೆರಿಚಿ ಮುಂತಾದವರು ‘ಮನೆಗೆಲಸಕ್ಕೆ ವೇತನ’ ಎಂಬ ಚಳವಳಿ ಆರಂಭಿಸಿದರು. ಕಾರ್ಖಾನೆಯ ಗೇಟಿನೊಳಗಷ್ಟೇ ಮೌಲ್ಯ ಹುಟ್ಟುತ್ತದೆ ಎಂದುಕೊಂಡ ಮಾರ್ಕ್ಸ್‌ವಾದಿಗಳನ್ನೂ ಅವರು ಬಿಡಲಿಲ್ಲ. ದುಡಿಯುವ ಮನುಷ್ಯನನ್ನೇ ತಯಾರಿಸುವ ಕೆಲಸ ಅಡುಗೆಮನೆಯಲ್ಲಿ ನಡೆಯುತ್ತಿದೆ, ಅದರ ಖರ್ಚು ಯಾರ ಪುಸ್ತಕದಲ್ಲೂ ಇಲ್ಲ ಎಂಬುದು ಅವರ ವಾದ.

ಮುಂಬೈಯಲ್ಲಿ ಈ ಮಾತಿಗೆ ಬಟ್ಟೆ ಗಿರಣಿಗಳ ಪ್ರದೇಶವಾದ ಗಿರಣಗಾಂವ್‌ಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಲಾಲ್‌ಬಾಗ್, ಪರೇಲ್ ಸುತ್ತಲಿನ ಚಾಳುಗಳಲ್ಲಿ ಗಿರಣಿಯ ಗಂಡಸರು ಒಂದೊಂದು ಖೋಲಿಯಲ್ಲಿ ಹಲವರು ಸೇರಿ ಇರುತ್ತಿದ್ದರು. ಹೆಂಡತಿ ಮಕ್ಕಳು ಊರಿನಲ್ಲಿ. ಮಕ್ಕಳನ್ನು ಸಾಕುವ, ಮುದುಕರನ್ನು ನೋಡುವ, ಮುಷ್ಕರ ಬಂದಾಗ ಅಕ್ಕಿ ಕಳಿಸುವ ಭಾರವೆಲ್ಲ ಊರಿನ ಗದ್ದೆಯ ಮೇಲೆ, ಅಲ್ಲಿನ ಹೆಂಗಸರ ಮೇಲೆ. ಆದ್ದರಿಂದಲೇ ಇಡೀ ಕುಟುಂಬವನ್ನು ಸಾಕಲಾಗದ ಸಂಬಳದಲ್ಲೂ ಗಿರಣಿ ನಡೆಯಿತು. ಕರಾವಳಿಯಿಂದ ಹೋಟೆಲ್ ಕೆಲಸಕ್ಕೆ ಬಂದ ಹುಡುಗರ ಕಥೆಯೂ ಇದೇ. ಸಾಕಿ ಬೆಳೆಸಿದ್ದು ಊರು. ಹಗಲು ದುಡಿದ ಹುಡುಗರಿಗೆ ಅಕ್ಷರ ಕಲಿಸಿದ್ದು ಸಮುದಾಯದ ಸಂಘಗಳು ನಡೆಸಿದ ಕನ್ನಡ ರಾತ್ರಿಶಾಲೆಗಳು.

ಇನ್ನು ಗಿರಣಿ ಕಾರ್ಮಿಕರಿಗೆ ಊಟ ಹಾಕುತ್ತಿದ್ದವರು ಖಾನಾವಳಿ ನಡೆಸುವ ಹೆಂಗಸರು. ತಮ್ಮ ಖೋಲಿಯಲ್ಲೇ ಹತ್ತಿಪ್ಪತ್ತು ಜನರಿಗೆ ಎರಡು ಹೊತ್ತು ಬೇಯಿಸಿ ಹಾಕಿ, ಸಂಬಳದ ದಿನ ಹಣ ಪಡೆಯುತ್ತಿದ್ದರು. ಅಂಗಡಿಯವನ ಸಾಲ ತೀರಿಸಲು ಮಂಗಳಸೂತ್ರ ಅಡವಿಟ್ಟವರೂ ಇದ್ದರು. ಎಪ್ಪತ್ತರ ದಶಕದ ಗಿರಣಿ ಮುಷ್ಕರದಲ್ಲಿ ಇವರು ಕಾರ್ಮಿಕರಿಗೆ ಸಾಲದ ಮೇಲೆ ಊಟ ಹಾಕಿದ್ದನ್ನು ಕಂಡ ಪ್ರೇಮಾ ಪುರವ್, 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿ ಇವರಿಗೆ ಬ್ಯಾಂಕ್ ಸಾಲ ಸಿಗುವಂತೆ ಮಾಡಿದರು. ಗಿರಣಿಯ ಲೆಕ್ಕದಲ್ಲಿ ಈ ಹೆಂಗಸರು ಇರಲಿಲ್ಲ. ಆದರೆ ಮುಷ್ಕರ ಅಷ್ಟು ದಿನ ನಿಂತದ್ದು ಅವರ ಒಲೆಯಿಂದ.

ಈಗಲೂ ಪರಿಸ್ಥಿತಿ ತುಂಬ ಬದಲಾಗಿಲ್ಲ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡುತ್ತಾರೆ, ಆ ಕೆಲಸ ಮಾಡುವ ಗಂಡಸರು 97 ನಿಮಿಷ. ಅಷ್ಟೂ ದುಡಿಮೆ ದೇಶದ ಒಟ್ಟು ಉತ್ಪನ್ನದ ಅಂಕಿಯೊಳಗೆ ಬರುವುದಿಲ್ಲ.

ನಗರವೇ ಕಾರ್ಖಾನೆಯಾದಾಗ

1960ರ ದಶಕದಲ್ಲಿ ಇಟಲಿಯ ಮಾರಿಯೋ ತ್ರೊಂತಿ ಎಂಬ ಚಿಂತಕ, ಕಾರ್ಖಾನೆಯ ಸಂಬಂಧಗಳು ಗೋಡೆ ದಾಟಿ ಇಡೀ ಸಮಾಜಕ್ಕೆ ಹರಡುತ್ತವೆ ಎಂದು ವಾದಿಸಿದರು. ಅದನ್ನು ಮುಂದೆ ಅಂತೋನಿಯೋ ನೆಗ್ರಿ ಮತ್ತು ಅಮೆರಿಕದ ಮೈಕಲ್ ಹಾರ್ಟ್ ಬೆಳೆಸಿದರು. ಹಿಂದೆ ಕೈಗಾರಿಕಾ ಕಾರ್ಮಿಕರಿಗೆ ಕಾರ್ಖಾನೆ ಏನಾಗಿತ್ತೋ ಇಂದಿನ ಜನಸಮೂಹಕ್ಕೆ ಮಹಾನಗರವೇ ಅದಾಗಿದೆ ಎಂಬುದು ಅವರ ಮಾತು. ಭಾಷೆ, ತಿಳಿವಳಿಕೆ, ನಂಬಿಕೆ, ಅಕ್ಕಪಕ್ಕದವರ ಒಡನಾಟ ಇವೆಲ್ಲವೂ ಮೌಲ್ಯ ಹುಟ್ಟಿಸುತ್ತವೆ. ಬಂಡವಾಳ ಈಗ ಜನರನ್ನು ಒಂದು ಚಾವಣಿಯಡಿ ಸೇರಿಸಿ ದುಡಿಸುವ ಬದಲು, ಹೊರಗೆ ತಾನಾಗಿಯೇ ನಡೆದ ಸಹಕಾರದಿಂದ ಬಾಡಿಗೆ ವಸೂಲು ಮಾಡುತ್ತದೆ ಎನ್ನುತ್ತಾರೆ ಅವರು.

ಇದು ಗಾಳಿಯಲ್ಲಿ ತೇಲುವ ಮಾತು ಎನಿಸಬಹುದು. ಮುಂಬೈಯ ಜಾಗದ ಬೆಲೆಯನ್ನು ನೋಡಿದರೆ ಕೂಡಲೇ ನೆಲಕ್ಕಿಳಿಯುತ್ತದೆ. ಮಾಟುಂಗದ ಹಳೆಯ ಕಟ್ಟಡವೊಂದರ ಇಟ್ಟಿಗೆ ಸುಣ್ಣಕ್ಕೆ ವರ್ಷದಿಂದ ವರ್ಷಕ್ಕೆ ಸವಕಳಿ. ಆದರೂ ಬೆಲೆ ಏರುತ್ತಲೇ ಇದೆ. ಏರಿಸಿದವರು ಯಾರು? ರೈಲು ಓಡಿಸಿದವರು, ಶಾಲೆ ಕಾಲೇಜು ಕಟ್ಟಿದವರು, ದೇವಸ್ಥಾನ ಸಂಘ ಸಂಸ್ಥೆ ನಡೆಸಿದವರು, ಹೂವಿನ ಅಂಗಡಿಯವರು, ತಲೆಮಾರುಗಟ್ಟಲೆ ಅದೇ ರುಚಿಯ ಕಾಫಿ ಕೊಟ್ಟು ದೂರದೂರದ ಜನರನ್ನು ಅಲ್ಲಿಗೆ ಬರಿಸಿದ ಹೋಟೆಲುಗಳು. ಜಮೀನಿನ ಬೆಲೆ ಏರುವುದು ಒಡೆಯನಿಂದಲ್ಲ, ಸುತ್ತಲಿನ ಸಮಾಜದಿಂದ ಎಂದು ಅಮೆರಿಕದ ಹೆನ್ರಿ ಜಾರ್ಜ್ 1879ರಲ್ಲೇ ಬರೆದರು. ಅವರು ಬಂಡವಾಳದ ವಿರೋಧಿಯಲ್ಲ, ಜಮೀನಿನ ಏರಿದ ಬೆಲೆ ಒಬ್ಬರ ಪಾಲಾಗುವುದನ್ನಷ್ಟೇ ವಿರೋಧಿಸಿದರು.

ಗಿರಣಿಗಳ ಜಮೀನಿನ ಕಥೆ ಇನ್ನೂ ಕಹಿ. 1982ರ ಜನವರಿ 18ರಂದು ಕಾರ್ಮಿಕ ನಾಯಕ ದತ್ತಾ ಸಾಮಂತ್ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮುಷ್ಕರಕ್ಕಿಳಿದರು. ಅನೇಕರು ಮತ್ತೆ ಕೆಲಸಕ್ಕೆ ಮರಳಲೇ ಇಲ್ಲ. ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಜಮೀನು ಉಳಿಯಿತು. 1991ರ ನಿಯಮದಂತೆ ಆ ಜಮೀನನ್ನು ಅಭಿವೃದ್ಧಿ ಮಾಡುವಾಗ ಮೂರರಲ್ಲೊಂದು ಪಾಲು ನಗರದ ಬಯಲು ಜಾಗಕ್ಕೆ, ಒಂದು ಪಾಲು ಸಾರ್ವಜನಿಕ ವಸತಿಗೆ, ಒಂದು ಪಾಲು ಗಿರಣಿ ಒಡೆಯರಿಗೆ ಸಿಗಬೇಕಿತ್ತು. 2001ರ ತಿದ್ದುಪಡಿ, ಕಟ್ಟಡವಿಲ್ಲದ ಖಾಲಿ ಜಾಗಕ್ಕಷ್ಟೇ ಈ ಹಂಚಿಕೆ ಎಂದಿತು. ಗಿರಣಿ ಜಮೀನಿನ ಬಹುಭಾಗದಲ್ಲಿ ಕಟ್ಟಡಗಳೇ ಇದ್ದುದರಿಂದ ನಗರದ ಪಾಲು ಕುಗ್ಗಿಹೋಯಿತು. 2006ರಲ್ಲಿ ಸುಪ್ರೀಂ ಕೋರ್ಟ್ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಲೋವರ್ ಪರೇಲಿನ ಇಂದಿನ ಗಗನಚುಂಬಿಗಳು ನಿಂತಿರುವುದು ಈ ತೀರ್ಮಾನದ ಮೇಲೆ. ಜಾಗದ ಬೆಲೆಯೆಂಬುದು ಬರಿಯ ಸಿದ್ಧಾಂತದ ವಿಷಯವಲ್ಲ, ಒಂದು ನಿಯಮದ ಒಂದು ಸಾಲು ಅದನ್ನು ಯಾರಿಗೆ ಬೇಕಾದರೂ ದಾಟಿಸಬಲ್ಲದು.

ಆ್ಯಪ್ ಕಂಪನಿಗಳ ವಿಚಾರದಲ್ಲೂ ಇದೇ ಪ್ರಶ್ನೆ. ಒಲೆ ಹೋಟೆಲಿನವರದು, ಬೈಕು ಮತ್ತು ಪೆಟ್ರೋಲು ಹುಡುಗನವು. ಯಾವ ಗಲ್ಲಿಯಲ್ಲಿ ಬೇಗ ಹೋಗಬಹುದೆಂದು ಆ್ಯಪ್ ಕಲಿತದ್ದು ಅವನಂಥವರು ದಿನವೂ ಓಡಾಡಿದ ದಾರಿಯಿಂದ, ಯಾವ ಹೋಟೆಲ್ ಒಳ್ಳೆಯದೆಂದು ಕಲಿತದ್ದು ಗಿರಾಕಿಗಳು ಬಿಟ್ಟಿಯಾಗಿ ಕೊಟ್ಟ ಸ್ಟಾರುಗಳಿಂದ. ಈ ಎಲ್ಲರನ್ನೂ ಜೋಡಿಸುವ ಕೊಂಡಿ ಮಾತ್ರ ಕಂಪನಿಯದು. ಟೀಕಾಕಾರರ ಕಣ್ಣಿಗೆ ಇದು ಮಾರ್ಕ್ಸ್ ಹೇಳಿದ ‘ಉಚಿತವಾಗಿ ಸಿಕ್ಕ ಕೂಡುಬಲ’ದ ಹೊಸ ರೂಪ. ಸಂಹಿತೆ ಕಂಪನಿಯ ಪಾಲನ್ನು ಒಟ್ಟು ವಹಿವಾಟಿನ ಮೇಲೆ ಕಟ್ಟಿದಾಗ, ಆ ವಹಿವಾಟಿನಲ್ಲಿ ಎಲ್ಲರ ಕೈಯೂ ಇದೆ ಎಂಬುದನ್ನು ಅರ್ಧ ಒಪ್ಪಿದಂತಾಗುತ್ತದೆ. ಆದರೆ ಆ ಮೊತ್ತ ಕಾರ್ಮಿಕರಿಗೆ ಕೊಡುವ ಹಣದ ಶೇ 5ನ್ನು ಮೀರುವಂತಿಲ್ಲ ಎಂಬ ಮಿತಿಯೂ ಅಲ್ಲೇ ಇದೆ. ಕರ್ನಾಟಕ 2025ರಲ್ಲಿ ಮಾಡಿದ ಕಾನೂನು ಬೇರೆ ದಾರಿ ಹಿಡಿಯಿತು. ಅಲ್ಲಿ ಕಲ್ಯಾಣ ಶುಲ್ಕವನ್ನು ಪ್ರತಿಯೊಂದು ವಹಿವಾಟಿನ ಲೆಕ್ಕದಲ್ಲಿ, ಅದಕ್ಕಾಗಿ ಕಾರ್ಮಿಕರಿಗೆ ಕೊಡುವ ಹಣದ ಶೇ 1ರಿಂದ 5ರೊಳಗೆ ವಸೂಲು ಮಾಡಲಾಗುತ್ತದೆ.

ಇದಕ್ಕೆ ಬಂದ ಉತ್ತರಗಳು

ಈ ಟೀಕೆಗೆ ಗಟ್ಟಿ ಉತ್ತರಗಳಿವೆ. 1870ರ ದಶಕದ ಆರಂಭದಲ್ಲಿ ಜೆವನ್ಸ್, ಮೆಂಗರ್, ವಾಲ್ರಾ ಎಂಬ ಮೂವರು ಅರ್ಥಶಾಸ್ತ್ರಜ್ಞರು ಬೇರೆ ಬೇರೆಯಾಗಿ ಒಂದೇ ತೀರ್ಮಾನಕ್ಕೆ ಬಂದರು. ಮೌಲ್ಯ ಹುಟ್ಟುವುದು ದುಡಿಮೆಯ ಗಂಟೆಯಿಂದಲ್ಲ, ಕೊಳ್ಳುವವರಿಗೆ ಇನ್ನೊಂದು ತುಣುಕು ಎಷ್ಟು ಬೇಕಾಗಿದೆ ಎಂಬುದರಿಂದ. ಹೊಟ್ಟೆ ತುಂಬಿದವರಿಗೆ ಏಳನೆಯ ಇಡ್ಲಿಗೆ ಬೆಲೆಯಿಲ್ಲ, ಅದನ್ನು ಮಾಡಲು ಎಷ್ಟೇ ಶ್ರಮ ಬಿದ್ದಿರಲಿ. ನೀರು ಮತ್ತು ವಜ್ರದ ಒಗಟೂ ಹೀಗೆ ಬಿಡಿಸಿಕೊಳ್ಳುತ್ತದೆ. ಇಂದಿನ ಅರ್ಥಶಾಸ್ತ್ರದ ಪಠ್ಯಗಳು ನಿಂತಿರುವುದು ಇದರ ಮೇಲೆ.

1899ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಜಾನ್ ಬೇಟ್ಸ್ ಕ್ಲಾರ್ಕ್, ಪೈಪೋಟಿ ಇರುವ ಮಾರುಕಟ್ಟೆಯಲ್ಲಿ ಪ್ರತಿಯೊಬ್ಬರಿಗೂ ಅವರು ಕೊನೆಗೆ ಸೇರಿಸಿದಷ್ಟೇ ಸಿಗುತ್ತದೆ ಎಂದರು. ಒಬ್ಬ ಸಪ್ಲಾಯರ್ ಹೆಚ್ಚು ಬಂದರೆ ವ್ಯಾಪಾರ ಎಷ್ಟು ಏರುತ್ತದೋ ಅದು ಅವನ ಸಂಬಳದ ಅಳತೆ. ಎಲ್ಲರೂ ಕೂಡಿದಾಗಲೇ ಹುಟ್ಟುವ ಬಲಕ್ಕೆ ಈ ಅಳತೆ ಹೊಂದುವುದಿಲ್ಲ ಎಂಬುದು ಟೀಕಾಕಾರರ ಮರುಮಾತು. ಆಸ್ಟ್ರಿಯಾದ ಅರ್ಥಶಾಸ್ತ್ರಜ್ಞ ಬೋಮ್-ಬಾವರ್ಕ್ ಸಮಯದ ಕಡೆ ಗಮನ ಸೆಳೆದರು. ಹೋಟೆಲ್ ಲಾಭಕ್ಕೆ ಬರಲು ವರ್ಷಗಳು ಬೇಕು, ಕೆಲಸಗಾರನಿಗೆ ಸಂಬಳ ಈ ತಿಂಗಳೇ ಬೇಕು. ಆ ಕಾಯುವಿಕೆಗೆ ಬೆಲೆಯಿದೆ. ಊರಿನ ಜಾಗ ಅಡವಿಟ್ಟು ಮುಂಬೈಯಲ್ಲಿ ಹೋಟೆಲ್ ತೆರೆದವರ, ಅದರಲ್ಲೂ ಮುಚ್ಚಬೇಕಾಗಿ ಬಂದವರ ಮನೆಯಲ್ಲಿ ಈ ಮಾತಿನ ತೂಕ ಎಲ್ಲರಿಗೂ ಗೊತ್ತು. ತಟ್ಟೆ ತೊಳೆಯುವುದರಿಂದ ಶುರುಮಾಡಿ ಮಾಲಕರಾದವರೂ ನಮ್ಮಲ್ಲಿ ಕಡಿಮೆಯಿಲ್ಲ.

ಅರ್ಥಶಾಸ್ತ್ರಜ್ಞ ಫ್ರೆಡರಿಕ್ ಹಯೆಕ್ 1945ರಲ್ಲಿ ಇನ್ನೊಂದು ಮುಖ ತೋರಿಸಿದರು. ಯಾರಿಗೂ ಪೂರ್ತಿ ತಿಳಿದಿರದ ಕೋಟಿಗಟ್ಟಲೆ ಸಣ್ಣ ಸಂಗತಿಗಳನ್ನು ಬೆಲೆ ಎಂಬ ಒಂದು ಅಂಕಿ ಎಲ್ಲರಿಗೂ ಮುಟ್ಟಿಸುತ್ತದೆ, ಪರಿಚಯವೇ ಇಲ್ಲದವರು ಅದರಿಂದ ಸಹಕರಿಸುತ್ತಾರೆ. ಅಂದರೆ ಮಾರುಕಟ್ಟೆ ಸಹಕಾರವನ್ನು ಕದಿಯುವುದಿಲ್ಲ, ಅದೇ ಸಹಕಾರದ ದೊಡ್ಡ ರೂಪ. ಆ್ಯಪ್ ಇಲ್ಲದಿದ್ದರೆ ಘಾಟ್ಕೋಪರಿನ ಗಿರಾಕಿ ಮಾಟುಂಗದ ಅಡುಗೆಮನೆಗೆ ದಿನವೂ ತಲುಪುತ್ತಿದ್ದರೇ ಎಂದು ಕಂಪನಿ ಕೇಳಿದರೆ ಅದರಲ್ಲಿ ಹುರುಳಿದೆ. ಕೊಂಡಿಗೂ ಬೆಲೆಯಿದೆ. ಎಷ್ಟು ಎಂಬುದೇ ಜಗಳ.

ಮಾರ್ಕ್ಸ್ ಲೆಕ್ಕದ ದುರ್ಬಲ ಜಾಗ ಅಳತೆ ಎಂದು ನನಗನಿಸುತ್ತದೆ. ಭಟ್ಟರ ಒಂದು ಗಂಟೆಗೂ ಕ್ಲೀನರ್‌ನ ಒಂದು ಗಂಟೆಗೂ ಇರುವ ಅನುಪಾತವನ್ನು ಮಾರುಕಟ್ಟೆಯ ಸಂಬಳ ನೋಡದೆ ಹೇಳುವುದು ಕಷ್ಟ. ಸಹಕಾರ ನಗರಕ್ಕೆಲ್ಲ ಹರಡಿದೆ ಎಂದ ಮೇಲಂತೂ ಗಂಟೆ ಎಣಿಸುವುದೇ ಅಸಾಧ್ಯ, ಇದನ್ನು ನೆಗ್ರಿ, ಹಾರ್ಟ್ ಅವರೇ ಒಪ್ಪುತ್ತಾರೆ. ಆದರೆ ಅಳೆಯಲು ಬಾರದ್ದು ಇಲ್ಲವೇ ಇಲ್ಲ ಎಂದಾಗುವುದಿಲ್ಲ.

ಇದೇ ನಗರದ ಪ್ರಯೋಗಗಳು

ಹಂಚಿಕೆಯ ಬೇರೆ ದಾರಿಗಳನ್ನು ಹುಡುಕಿದವರು ಇಲ್ಲಿಯೇ ಇದ್ದರು. ಹಳೆಯ ಬಾಂಬೆ ಪ್ರಾಂತ್ಯದೊಳಗೇ ಇದ್ದ ಗದಗ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದರು. ಮರುವರ್ಷ ಮುಂಬೈಯಲ್ಲಿ ಕೆನರಾ ಮೂಲದ ಸಾರಸ್ವತರು ಶ್ರೀಪಾದ ಸುಬ್ಬರಾವ್ ತಲಮಕಿಯವರ ಮುಂದಾಳತ್ವದಲ್ಲಿ ಶಾಮರಾವ್ ವಿಠ್ಠಲ್ ಸಹಕಾರಿ ಬ್ಯಾಂಕಿಗೆ ತಳಪಾಯ ಹಾಕಿದರು. 1915ರಲ್ಲಿ ಗಾಮ್‌ದೇವಿಯಲ್ಲಿ ಅವರದೇ ಸಹಕಾರಿ ಗೃಹನಿರ್ಮಾಣ ಸಂಘ ಬಂತು. ಬಡ್ಡಿ ಮತ್ತು ಬಾಡಿಗೆ ಹೊರಗಿನವರಿಗೆ ಹೋಗದೆ ಸದಸ್ಯರ ನಡುವೆಯೇ ತಿರುಗಬೇಕು ಎಂಬುದು ಇವುಗಳ ಹಿಂದಿನ ಸರಳ ಯೋಚನೆ.

1959ರ ಮಾರ್ಚ್ 15ರಂದು ಗಿರಗಾಂವ್‌ನ ಒಂದು ಮನೆಯ ತಾರಸಿಯಲ್ಲಿ ಏಳು ಹೆಂಗಸರು 80 ರೂಪಾಯಿ ಸಾಲ ಪಡೆದು ಹಪ್ಪಳ ಲಟ್ಟಿಸತೊಡಗಿದರು. ಅದೇ ಲಿಜ್ಜತ್. ಇಂದು 40 ಸಾವಿರಕ್ಕೂ ಹೆಚ್ಚು ಹೆಂಗಸರು ಅದರಲ್ಲಿದ್ದಾರೆ. ಬೆಳಗ್ಗೆ ಕಲಸಿದ ಹಿಟ್ಟು ಪಡೆದು ಮನೆಯಲ್ಲಿ ಲಟ್ಟಿಸಿ, ಒಣಗಿಸಿ ತಂದುಕೊಡುತ್ತಾರೆ. ಕೆಲಸಕ್ಕೆ ತೂಕದ ಲೆಕ್ಕದಲ್ಲಿ ಕೂಲಿ, ಮೇಲಿನ ಲಾಭದಲ್ಲಿ ಪಾಲು. ಕೂಡುಬಲದಿಂದ ಬಂದದ್ದು ಹೊರಗಿನ ಒಡೆಯರಿಗೆ ಹೋಗುವುದಿಲ್ಲ. ಡಬ್ಬಾವಾಲಾಗಳ ತಂಡಗಳೂ ಇದೇ ದಾರಿಯವು. ತಂಡದ ಗಳಿಕೆಯಿಂದ ಖರ್ಚು ಕಳೆದು ಉಳಿದದ್ದನ್ನು ಸದಸ್ಯರು ಹಂಚಿಕೊಳ್ಳುತ್ತಾರೆ.

ಇಂಥ ಸಂಘಗಳು ಉಳಿಯುವುದು ಒಳ್ಳೆಯತನದಿಂದಷ್ಟೇ ಅಲ್ಲ, ನಿಯಮದಿಂದ. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್, ಜನರು ತಾವೇ ನಡೆಸುವ ಕೆರೆ, ಕಾಡು, ಮೀನುಗಾರಿಕೆಗಳನ್ನು ದಶಕಗಳ ಕಾಲ ಅಭ್ಯಾಸ ಮಾಡಿ, ಯಾರು ಒಳಗಿನವರು, ಯಾರು ಹೊರಗಿನವರು ಎಂಬ ಗಡಿ ಸ್ಪಷ್ಟವಿದ್ದಲ್ಲಿ ಅವು ಹೆಚ್ಚು ಬಾಳುತ್ತವೆ ಎಂದು ತೋರಿಸಿದರು. ಆ ಗಡಿಯಲ್ಲೇ ಮುಂದಿನ ತೊಡಕೂ ಇದೆ.

ಮುಂಬೈಯ ಹಳೆಯ ಹೌಸಿಂಗ್ ಸೊಸೈಟಿಗಳಲ್ಲಿ ಈಗ ‘ಸ್ವಯಂ ಪುನರಭಿವೃದ್ಧಿ’ಯ ಮಾತು ಜೋರಾಗಿದೆ. ಬಿಲ್ಡರನಿಗೆ ಒಪ್ಪಿಸುವ ಬದಲು ಸೊಸೈಟಿಯೇ ಸಾಲ ಪಡೆದು, ಹಳೆಯ ಕಟ್ಟಡ ಕೆಡವಿ ಹೊಸದನ್ನು ಕಟ್ಟುತ್ತದೆ. ಹೆಚ್ಚುವರಿ ಫ್ಲ್ಯಾಟುಗಳನ್ನು ಮಾರಿ ಬಂದ ಲಾಭ ಬಿಲ್ಡರನ ಬದಲು ಸದಸ್ಯರಿಗೆ ದೊಡ್ಡ ಮನೆಯಾಗಿ, ನಿರ್ವಹಣಾ ನಿಧಿಯಾಗಿ ಬರುತ್ತದೆ. ಜಾಗದ ಏರಿದ ಬೆಲೆ ಅಲ್ಲಿ ಬಾಳಿದವರಿಗೇ ಸಿಗುವ ಅಪರೂಪದ ಏರ್ಪಾಡು ಇದು. ನಮ್ಮವರು ಸದಸ್ಯರಾಗಿರುವ ಸೊಸೈಟಿಗಳು ಇದನ್ನು ಗಂಭೀರವಾಗಿ ನೋಡಬೇಕೆಂದು ನಾನು ಬಯಸುತ್ತೇನೆ. ಆದರೆ ಷೇರು ಸರ್ಟಿಫಿಕೇಟಿನಲ್ಲಿ ಹೆಸರಿರುವವರಷ್ಟೇ ಸದಸ್ಯರು. ಅದೇ ಕಟ್ಟಡದಲ್ಲಿ ಬಾಡಿಗೆಗಿರುವ ಕುಟುಂಬ, ಗೇಟಿನ ಕೋಣೆಯಲ್ಲಿ ಮಲಗುವ ವಾಚ್‌ಮನ್, ಹತ್ತಾರು ಮನೆಗಳಲ್ಲಿ ಪಾತ್ರೆ ತಿಕ್ಕುವ ಹೆಂಗಸು, ಕೆಳಗಿನ ಇಸ್ತ್ರಿಯವನು ಆ ಲೆಕ್ಕದಲ್ಲಿ ಇಲ್ಲ. ಅವರಿಗೆ ಏನಾದರೂ ಸಿಗಬೇಕಾದರೆ ಅದನ್ನು ಸೊಸೈಟಿಯ ಸರ್ವಸದಸ್ಯರ ಸಭೆಯಲ್ಲಿ ಯಾರಾದರೂ ಠರಾವಾಗಿ ಮಂಡಿಸಬೇಕು, ಕಟ್ಟಡ ಕೆಡವುವ ಮೊದಲೇ.